ಯಂತ್ರಸಾಧಕ ನಿಕೊಲಾಸ್ ಒಟ್ಟೊ

ಕ್ರಿ.ಶ. ೧೮೩೨ರಲ್ಲಿ ಜರ್ಮನಿಯ ಗ್ರಾಮವೊಂದರಲ್ಲಿ ಜನಿಸಿದ ನಿಕೊಲಾಸ್ ಒಟ್ಟೊ ಯಂತ್ರಶಾಸ್ತ್ರವನ್ನು ಓದಿದವನಲ್ಲ. ಸಕ್ಕರೆ, ಚಹಾ ಮಾರುತ್ತ ಊರೂರು ತಿರುಗುತ್ತಿದ್ದ ವ್ಯಾಪಾರಿ. ಲೆನ್ವಾರನ ಅನಿಲಯಂತ್ರದ ವಾರ್ತೆ ಅವನ ಚಿತ್ತವನ್ನು ಸೆಳೆಯಿತು. ೧೮೬೪ರಲ್ಲಿ ಯೂಜೆನ್ ಲಾಂಗೆನ್ನನೊಡಗೂಡಿ ಕಲೋನ್ ನಗರದಲ್ಲಿ ಕಾರ್ಖಾನೆ ತೆರೆದು, ೧೮೭೬ರಲ್ಲಿ ನಾಲ್ಕು ಹೊಡೆತಗಳ ಎಂಜಿನ್ನನ್ನು ಸಿದ್ಧಗೊಳಿಸಿದನು.

ಜ್ವಾಲೆ ತಗಲುವೆಡೆ ಅನಿಲವು ದಟ್ಟವಾಗಿಯೂ, ಪಿಸ್ಟನ್ನಿನ ಬಳಿ ವಿರಳವಾಗಿಯೂ ಪದರಗಟ್ಟಿ ನಿಂತರೆ ಸ್ಫೋಟದ ಪೆಟ್ಟು ಮೃದುವಾಗುವುದೆಂಬುದು ಅವನ ದೃಢವಾದ ನಂಬಿಕೆ. ಹೊಗೆಕೊಳವೆಯ ಬಾಯಲ್ಲಿ ದಟ್ಟವಾಗಿದ್ದು ಮೇಲೇರಿದಂತೆ ತೆಳುವಾಗುವ ಹೊಗೆಯನ್ನು ಕಂಡು ಇದು ಹೊಳೆಯಿತೆಂದು ಹೇಳುವುದುಂಟು. ರಾಮನಗರದ ರೇಷ್ಮೆ ನೂಲು ಬಿಚ್ಚಾಣಿಕೆಯ ಒಲೆಗಳನ್ನು ಬಲ್ಲವರಿಗೆ ಆ ನೋಟ ಹೊಸತಲ್ಲ.

ನಾಲ್ಕು ಹೊಡೆತಗಳ ತತ್ತ್ವವನ್ನು ಫ್ರಾನ್ಸಿನ ಬೋ ದ ರೋಷಾ ೧೮೬೨ರಲ್ಲಿಯೇ ಬರೆದಿದ್ದನೆಂದು ೧೮೮೬ರಲ್ಲಿ ಜರ್ಮನಿಯ ನ್ಯಾಯಾಲಯವು ಒಟ್ಟೊವಿನ ಪೇಟೆಂಟ್ ಹಕ್ಕನ್ನು ರದ್ದುಗೊಳಿಸಿತು. ಬರೆದವನು ಯಂತ್ರವನ್ನು ಮಾಡಿರಲಿಲ್ಲ. ಮಾಡಿದವನಿಗೆ ಹಕ್ಕು ಉಳಿಯಲಿಲ್ಲ. ಸೋಜಿಗವೆಂದರೆ, ಒಟ್ಟೊ ಹಿರಿದೆಂದೆಣಿಸಿದ್ದು ಹೊಡೆತಗಳನ್ನಲ್ಲ, ಪದರಗಳನ್ನು. ತಜ್ಞರು ಅದನ್ನೂ ಅಲ್ಲಗಳೆದರು. ೧೮೯೧ರಲ್ಲಿ ಅವನು ಕಾಲವಾದನು.

೧೯೭೦ರ ದಶಕದಲ್ಲಿ ಜಪಾನಿನ ಹೊಂಡ ಸಂಸ್ಥೆಯು ಪುಟ್ಟ ಕೋಣೆಯ ದಟ್ಟ ಮಿಶ್ರಣಕ್ಕೆ ಕಿಡಿ ತಾಗಿಸಿ, ಆ ಜ್ವಾಲೆಯಿಂದ ದೊಡ್ಡ ಕೋಣೆಯ ವಿರಳ ಮಿಶ್ರಣವನ್ನು ಉರಿಸಿ, ಹೊಗೆಯ ವಿಷವನ್ನು ತಗ್ಗಿಸಿದ ಕಾರನ್ನು ಬೀದಿಗಿಳಿಸಿತು.