ದೂರಿದ ಊರಿಗೇ ದಾಖಲೆ ಬರೆದ ಗ್ರಾಜಿಯಾ ದೆಲೆದ್ದಾ

ಇಟಲಿಗೆ ಸೇರಿದ ಸಾರ್ಡೀನಿಯಾ, ಮೆಡಿಟರೇನಿಯನ್ ಸಮುದ್ರದ ಎರಡನೆಯ ಅತಿ ದೊಡ್ಡ ದ್ವೀಪ. ಅದರ ಬೆಟ್ಟಸೀಮೆಯಲ್ಲಿರುವ ನೂವೊರೊ ಪಟ್ಟಣದಲ್ಲಿ 1871ರ ಸೆಪ್ಟೆಂಬರ್‌ನಲ್ಲಿ ಗ್ರಾಜಿಯಾ ದೆಲೆದ್ದಾ ಜನಿಸಿದರು. ಮದುವೆಯಾಗದ ಹುಡುಗಿ ಕಥೆ ಬರೆದು ಅಚ್ಚು ಹಾಕಿಸುವುದು ಮನೆತನಕ್ಕೆ ಕಳಂಕವೆಂದು ಊರು ಅವರನ್ನು ದೂರಿತು. ಅದೇ ಊರಿನ ನಡೆನುಡಿ, ಮದುವೆ, ಸಾವು, ಅತಿಥಿ ಸತ್ಕಾರಗಳನ್ನು ಬರೆದೇ ಅವರು ನೊಬೆಲ್ ಪ್ರಶಸ್ತಿಯವರೆಗೆ ನಡೆದರು.

ತಂದೆ ಜಿಯೊವಾನ್ನಿ ಆಂತೋನಿಯೊ ಅನುಕೂಲಸ್ಥ ಜಮೀನುದಾರರು; ಸಾರ್ಡೀನಿಯನ್ ಭಾಷೆಯಲ್ಲಿ ಪದ್ಯ ಕಟ್ಟುವ ಹವ್ಯಾಸವೂ ಅವರಿಗಿತ್ತು. ತಾಯಿ ಫ್ರಾಂಚೆಸ್ಕಾ ಕಾಂಬೋಸು ದೈವಭಕ್ತೆ, ಸಂಪ್ರದಾಯಕ್ಕೆ ಕಟ್ಟುಬಿದ್ದವರು. ಮನೆ ತುಂಬ ಮಕ್ಕಳು, ಆಳುಕಾಳು. ಅಡುಗೆಮನೆಯ ನಡುವೆ ನೆಲದ ಮೇಲೆಯೇ ಉರಿಯುತ್ತಿದ್ದ ಬೆಂಕಿಯ ಸುತ್ತ ಒಡೆಯರೂ ಆಳುಗಳೂ ಕುಳಿತು ಮಾತನಾಡುತ್ತಿದ್ದರು. ಹಬ್ಬದ ದಿನಗಳಲ್ಲಿ ಸುತ್ತಲ ಹಳ್ಳಿಗಳ ಸ್ನೇಹಿತರು ಕುದುರೆಯೇರಿ ಬಂದು ಆ ಮನೆಯಲ್ಲೇ ತಂಗುತ್ತಿದ್ದರು. ಬಂದವರಿಗೆ ಉಣಬಡಿಸದೆ ಕಳುಹಿಸುವುದು ಆ ಸೀಮೆಯಲ್ಲಿ ಅವಮಾನವೆನಿಸುತ್ತಿತ್ತು. ಹಾಳೆಯಂತೆ ತೆಳುವಾದ ಗರಿಗರಿ ರೊಟ್ಟಿ 'ಪಾನೆ ಕರಸಾವು' ಮಾಡುವುದೆಂದರೆ ನೆರೆಹೊರೆಯ ಹೆಂಗಸರೆಲ್ಲ ಸೇರಿ ಮಾಡುವ ದೊಡ್ಡ ಕೆಲಸ. ಅದು ಕೆಡದೆ ಬಹುದಿನ ಉಳಿಯುವುದರಿಂದ ತಿಂಗಳುಗಟ್ಟಲೆ ಬೆಟ್ಟದಲ್ಲಿರುವ ಕುರಿಗಾಹಿಗಳಿಗೆ ಬುತ್ತಿಯಾಗುತ್ತಿತ್ತು.

ಗ್ರಾಜಿಯಾ ಅವರ ಶಾಲಾ ಶಿಕ್ಷಣ ನಾಲ್ಕನೆಯ ತರಗತಿಗೇ ಮುಗಿಯಿತು. ಹೆಣ್ಣುಮಕ್ಕಳಿಗೆ ಅಷ್ಟೇ ಸಾಕೆಂಬುದು ಅಂದಿನ ನಂಬಿಕೆ. ಕೆಲಕಾಲ ಮನೆಪಾಠವಾಯಿತು, ಉಳಿದದ್ದೆಲ್ಲ ಸ್ವಂತ ಓದು. ಮನೆಮಾತು ಸಾರ್ಡೀನಿಯನ್ ಆಗಿದ್ದುದರಿಂದ ಇಟಾಲಿಯನ್ ಭಾಷೆಯನ್ನು ಅವರು ಪರಭಾಷೆಯಂತೆಯೇ ಕಲಿಯಬೇಕಾಯಿತು. 1888ರಲ್ಲಿ, ಇನ್ನೂ 16ರ ವಯಸ್ಸಿನಲ್ಲಿ, ರೋಮ್‌ನ ಮಹಿಳಾ ಪತ್ರಿಕೆಯೊಂದರಲ್ಲಿ ಅವರ ಕಥೆ ಪ್ರಕಟವಾಯಿತು.

ನೂವೊರೊ ಅದನ್ನು ಸಹಿಸಲಿಲ್ಲ. ಪ್ರೇಮದ ಕಥೆ ಬರೆಯುವ ಹುಡುಗಿಗೆ ಪ್ರೇಮದ ಅನುಭವವೂ ಇರಬೇಕೆಂದು ಜನ ಆಡಿಕೊಂಡರು. ಇವಳಿಗೆ ಗಂಡು ಸಿಗುವುದಿಲ್ಲ, ಇವಳ ತಂಗಿಯರಿಗೂ ಸಿಗುವುದಿಲ್ಲ ಎಂಬುದು ಮನೆಯವರ ಅಳುಕು. ಮರಣಾನಂತರ ಪುಸ್ತಕವಾಗಿ ಬಂದ 'ಕೋಸಿಮಾ' ಎಂಬ ಆತ್ಮಕಥನಾತ್ಮಕ ಕಾದಂಬರಿಯಲ್ಲಿ ಈ ದಿನಗಳ ಚಿತ್ರವಿದೆ. ಅದರ ನಾಯಕಿ ಹಸ್ತಪ್ರತಿ ಕಳುಹಿಸುವ ಅಂಚೆ ವೆಚ್ಚಕ್ಕಾಗಿ ಮನೆಯ ಉಗ್ರಾಣದಿಂದ ಎಣ್ಣೆಯನ್ನು ಗುಟ್ಟಾಗಿ ಮಾರುತ್ತಾಳೆ.

1892ರಲ್ಲಿ ತಂದೆ ತೀರಿಕೊಂಡರು. ಅಣ್ಣಂದಿರಲ್ಲಿ ಒಬ್ಬರು ಕುಡಿತಕ್ಕೆ ಬಿದ್ದರು, ಇನ್ನೊಬ್ಬರು ದಾರಿ ತಪ್ಪಿದರು. 1896ರಲ್ಲಿ ಅಕ್ಕ ವಿಂಚೆಂಜಾ ಗರ್ಭಪಾತದಿಂದ ಮೃತಪಟ್ಟರು. ಮಾನಕ್ಕೆ ಅಂಜಿ ಬದುಕುವ ಕುಟುಂಬದ ಸಂಕಟ ಗ್ರಾಜಿಯಾ ಅವರಿಗೆ ಪುಸ್ತಕದಿಂದ ತಿಳಿದದ್ದಲ್ಲ.

ಇದೇ ಅವಧಿಯಲ್ಲಿ ವಿದ್ವಾಂಸ ಆಂಜೆಲೊ ದೆ ಗುಬೆರ್ನಾತಿಸ್ ಅವರ ಪ್ರೋತ್ಸಾಹದಿಂದ ಅವರು ಊರಿನ ಜಾನಪದವನ್ನು ಸಂಗ್ರಹಿಸತೊಡಗಿದರು. ಗಾದೆ, ಆಣೆ, ಶಾಪ, ಜೋಗುಳ, ಪ್ರಾರ್ಥನೆ, ಊಟ, ಮದುವೆ, ಶವಸಂಸ್ಕಾರಗಳ ವಿವರಗಳು 1895ರಲ್ಲಿ ಪುಸ್ತಕವಾದವು. ಆ ಸೀಮೆಯ ಸಾವಿನ ಮನೆಯಲ್ಲಿ ಒಲೆ ಹೊತ್ತಿಸುತ್ತಿರಲಿಲ್ಲ; ಊಟವನ್ನು ನೆಂಟರಿಷ್ಟರು ತಂದುಕೊಡಬೇಕಿತ್ತು. ಹೆಂಗಸರು ಶವದ ಸುತ್ತ ಕುಳಿತು ಸತ್ತವರ ಗುಣಗಳನ್ನು ಹಾಡಿ ಅಳುತ್ತಿದ್ದರು. ಕೊಲೆಯಾದವನ ಮನೆಯಲ್ಲಿ ಆ ಹಾಡು ಪ್ರತೀಕಾರದ ಕರೆಯೂ ಆಗುತ್ತಿತ್ತು. ಸಾರ್ಡೀನಿಯಾದ ಕುರಿಗಾಹಿ ಸಮಾಜದಲ್ಲಿ ಇನ್ನೊಂದು ಪದ್ಧತಿಯೂ ಉಂಟು. ಮಂದೆ ಕಳೆದುಕೊಂಡವನಿಗೆ ಉಳಿದ ಕುರಿಗಾಹಿಗಳು ಒಂದೊಂದು ಕುರಿ ಕೊಟ್ಟು ಮತ್ತೆ ಮಂದೆ ಕಟ್ಟಿಕೊಡುತ್ತಾರೆ. ಸೇಡು ಮತ್ತು ಸಹಾಯ ಎರಡೂ ಒಂದೇ ನೆಲದ ಬೆಳೆಗಳಾಗಿದ್ದವು.

1899ರಲ್ಲಿ ದ್ವೀಪದ ರಾಜಧಾನಿ ಕಾಲ್ಯಾರಿಯಲ್ಲಿ ಗ್ರಾಜಿಯಾ ಅವರಿಗೆ ಸರ್ಕಾರಿ ನೌಕರ ಪಾಲ್ಮಿರೊ ಮದೆಸಾನಿ ಅವರ ಪರಿಚಯವಾಯಿತು. 1900ರ ಜನವರಿಯಲ್ಲಿ ಮದುವೆ ನಡೆದು ದಂಪತಿ ರೋಮ್‌ನಲ್ಲಿ ನೆಲೆಸಿದರು. ಗಂಡು ಸಿಗಲಾರನೆಂಬ ಊರಿನ ಭವಿಷ್ಯ ಸುಳ್ಳಾಯಿತು. ಅವರು ಇಬ್ಬರು ಗಂಡುಮಕ್ಕಳನ್ನು ಬೆಳೆಸಿದರು, ಮನೆವಾರ್ತೆ ನೋಡಿಕೊಂಡರು. ಮಧ್ಯಾಹ್ನದ ನಿಯಮಿತ ವೇಳೆಯಲ್ಲಿ ಪ್ರತಿದಿನ ಬರೆದರು. ಪಾಲ್ಮಿರೊ ನೌಕರಿ ಬಿಟ್ಟು ಪತ್ನಿಯ ಪುಸ್ತಕ ವ್ಯವಹಾರಗಳನ್ನು ವಹಿಸಿಕೊಂಡರು. ಇದು ಇಟಲಿಯ ಸಾಹಿತ್ಯ ವಲಯದಲ್ಲಿ ಹಾಸ್ಯದ ವಸ್ತುವಾಯಿತು. ಪಿರಾಂದೆಲ್ಲೊ 1911ರಲ್ಲಿ ಪ್ರಕಟಿಸಿದ ಕಾದಂಬರಿಯೊಂದು ಈ ದಂಪತಿಯನ್ನೇ ಅಣಕಿಸಿತು. ಹೆಣ್ಣಿನ ಬರವಣಿಗೆಯನ್ನು ಅನುಮಾನದಿಂದ ನೋಡುವುದು ನೂವೊರೊದ ಅಜ್ಜಿಯರಿಗೆ ಮಾತ್ರ ಸೀಮಿತವಾಗಿರಲಿಲ್ಲ.

ದೂರದ ರೋಮ್‌ನಲ್ಲಿ ಕುಳಿತು ಅವರು ಬರೆದದ್ದು ಬಹುಪಾಲು ಸಾರ್ಡೀನಿಯಾವನ್ನೇ. 'ಎಲಿಯಾಸ್ ಪೋರ್ತೋಲು' ಕಾದಂಬರಿಯಲ್ಲಿ ಜೈಲಿನಿಂದ ಮರಳಿದ ಕುರಿಗಾಹಿ ತನ್ನ ಅಣ್ಣನಿಗೆ ನಿಶ್ಚಯವಾದ ಹುಡುಗಿಯನ್ನು ಪ್ರೀತಿಸಿ ನರಳುತ್ತಾನೆ. ಕುಟುಂಬಗಳು ಹಲವು ದಿನ ಒಟ್ಟಾಗಿ ತಂಗುವ ಸಂತ ಫ್ರಾನ್ಸಿಸರ ಜಾತ್ರೆ ಅದರಲ್ಲಿ ಜೀವಂತವಾಗಿದೆ. 1904ರ 'ಚೇನೆರೆ' ಕಾದಂಬರಿ ಮದುವೆಯಿಲ್ಲದೆ ತಾಯಿಯಾದವಳ ಕಥೆ. 1913ರ 'ಕಾನ್ನೆ ಅಲ್ ವೆಂತೊ'ದಲ್ಲಿ ಬಡತನಕ್ಕಿಳಿದ ಕುಲೀನ ಅಕ್ಕತಂಗಿಯರ ಮನೆಯಿದೆ. ವರ್ಷಗಟ್ಟಲೆ ಸಂಬಳವಿಲ್ಲದೆ ಅವರನ್ನು ಸಾಕುವ ಆಳು ಎಫಿಕ್ಸ್ ಇದ್ದಾನೆ. ಹೊಟ್ಟೆಗಿಲ್ಲದಿದ್ದರೂ ಅಂತಸ್ತು ಬಿಡದ ಆ ಮನೆಯನ್ನು ಅವರು ಗೇಲಿ ಮಾಡಲಿಲ್ಲ, ವೈಭವೀಕರಿಸಲೂ ಇಲ್ಲ. ಸಂಪ್ರದಾಯ ಯಾರನ್ನು ಕಾಯುತ್ತದೆ, ಯಾರನ್ನು ಮುರಿಯುತ್ತದೆ ಎಂಬುದನ್ನಷ್ಟೇ ತೋರಿಸಿದರು.

1926ನೇ ಸಾಲಿನ ನೊಬೆಲ್ ಸಾಹಿತ್ಯ ಪ್ರಶಸ್ತಿಯನ್ನು ಅವರು 1927ರ ಡಿಸೆಂಬರ್‌ನಲ್ಲಿ ಸ್ಟಾಕ್‌ಹೋಮ್‌ನಲ್ಲಿ ಸ್ವೀಕರಿಸಿದರು. ಸ್ವೀಡನ್ನಿನ ಸೆಲ್ಮಾ ಲಾಗರ್‌ಲೋಫ್ ಅವರ ನಂತರ ಸಾಹಿತ್ಯಕ್ಕೆ ಈ ಗೌರವ ಪಡೆದ ಎರಡನೆಯ ಮಹಿಳೆ ಅವರು. 2024ರವರೆಗಿನ ಪಟ್ಟಿಯಲ್ಲಿ ಇಟಲಿಯಿಂದ ಇದನ್ನು ಪಡೆದ ಮಹಿಳೆ ಅವರೊಬ್ಬರೇ.

ಸ್ತನ ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಅವರು 1936ರ ಆಗಸ್ಟ್ 15ರಂದು ರೋಮ್‌ನಲ್ಲಿ ನಿಧನರಾದರು. ಅದೇ ವರ್ಷ ಪ್ರಕಟವಾದ ಅವರ ಕಾದಂಬರಿಯ ನಾಯಕಿಗೂ ಅದೇ ಕಾಯಿಲೆ. ನೂವೊರೊದ ಓರ್ತೊಬೆನೆ ಬೆಟ್ಟದ ತಪ್ಪಲಿನ ಪುಟ್ಟ ಸೊಲಿತುದಿನೆ ಚರ್ಚೇ ಆ ಕಾದಂಬರಿಯ ಹೆಸರಿಗೆ ಮೂಲ. 1959ರಲ್ಲಿ ಗ್ರಾಜಿಯಾ ಅವರ ಅಸ್ಥಿಗಳನ್ನು ರೋಮ್‌ನಿಂದ ತಂದು ಅದೇ ಚರ್ಚಿನಲ್ಲಿ ಇರಿಸಲಾಯಿತು. ಅವರು ಹುಟ್ಟಿದ ಮನೆ ಮುಂದೆ ವಸ್ತುಸಂಗ್ರಹಾಲಯವಾಯಿತು. ಅತಿಥಿಗಳಿಗೆಂದು ಸದಾ ತೆರೆದಿರುತ್ತಿದ್ದ ಆ ಮನೆಗೆ ಓದುಗರು ಅತಿಥಿಗಳಾಗಿ ಬರತೊಡಗಿದರು.