ಕಸ್ತೂರಬಾ ಗಾಂಧಿ: ಪುಣೆಯ ಸೆರೆವಾಸದ ಕೊನೆಯ ದಿನಗಳು ಮತ್ತು ಕೊಡದೇ ಉಳಿದ ಪೆನಿಸಿಲಿನ್

1944ರ ಫೆಬ್ರುವರಿ. ಪುಣೆಯ ಆಗಾ ಖಾನ್ ಅರಮನೆಯಲ್ಲಿ ಬಂಧಿಯಾಗಿದ್ದ ಕಸ್ತೂರಬಾ ಗಾಂಧಿ ಅವರ ಆರೋಗ್ಯ ದಿನದಿಂದ ದಿನಕ್ಕೆ ಹದಗೆಡುತ್ತಿತ್ತು. ಅವರಿಗಾಗಿ ಕಲ್ಕತ್ತಾದಿಂದ ವಿಮಾನದಲ್ಲಿ ಪೆನಿಸಿಲಿನ್ ತರಿಸಲಾಯಿತು. ಎರಡನೇ ಮಹಾಯುದ್ಧದ ಆ ದಿನಗಳಲ್ಲಿ ಅದು ಬಹುಮಟ್ಟಿಗೆ ಸೈನಿಕರಿಗೇ ಮೀಸಲಾಗಿದ್ದ ಅಪರೂಪದ ಔಷಧ. ಔಷಧವೇನೋ ಬಂತು. ಆದರೆ ಅದನ್ನು ಕಸ್ತೂರಬಾ ಅವರಿಗೆ ಕೊಡಲಿಲ್ಲ.

ಗಾಂಧೀಜಿ ಬೇಡ ಎಂದದ್ದು ಏಕೆ? ಕೊಟ್ಟಿದ್ದರೆ ಬಾ ಬದುಕುತ್ತಿದ್ದರೇ? ಈ ಚರ್ಚೆ ಇಂದಿಗೂ ನಿಂತಿಲ್ಲ. ಉತ್ತರದ ಒಂದು ಭಾಗ ಆ ಔಷಧದ ಗುಣದಲ್ಲೇ ಇದೆ.

ಪೋರಬಂದರ್‌ನಿಂದ ದಕ್ಷಿಣ ಆಫ್ರಿಕಾಕ್ಕೆ

ಕಸ್ತೂರಬಾ ಹುಟ್ಟಿದ್ದು 1869ರಲ್ಲಿ, ಗುಜರಾತಿನ ಪೋರಬಂದರ್‌ನ ವ್ಯಾಪಾರಿ ಕುಟುಂಬದಲ್ಲಿ. ಹದಿಮೂರು-ಹದಿನಾಲ್ಕರ ವಯಸ್ಸಿನಲ್ಲೇ ಮೋಹನದಾಸ ಗಾಂಧಿ ಅವರೊಂದಿಗೆ ಮದುವೆಯಾಯಿತು. ಮೊದಲ ಮಗು ಕೆಲವೇ ದಿನಗಳಲ್ಲಿ ತೀರಿಕೊಂಡಿತು. ಹರಿಲಾಲ್, ಮಣಿಲಾಲ್, ರಾಮದಾಸ್ ಮತ್ತು ದೇವದಾಸ್ ಎಂಬ ನಾಲ್ವರು ಗಂಡುಮಕ್ಕಳು ಉಳಿದರು.

ಔಷಧದ ವಿಷಯದಲ್ಲಿ ಅವರ ಗಟ್ಟಿತನ ದಕ್ಷಿಣ ಆಫ್ರಿಕಾದಲ್ಲೇ ಕಂಡಿತ್ತು. ತೀವ್ರ ರಕ್ತಸ್ರಾವದಿಂದ ಬಳಲುತ್ತಿದ್ದ ಅವರಿಗೆ ಡರ್ಬಾನ್‌ನಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ದೇಹ ತೀರಾ ಸೊರಗಿದ್ದರಿಂದ ಕ್ಲೋರೋಫಾರ್ಮ್ ಕೊಡುವಂತಿರಲಿಲ್ಲ. ಪ್ರಜ್ಞೆ ಇದ್ದಂತೆಯೇ ಆ ನೋವನ್ನು ಸಹಿಸಿಕೊಂಡರು. ನಂತರ ಶಕ್ತಿ ಬರಲೆಂದು ವೈದ್ಯರು ಗೋಮಾಂಸದ ಸಾರು ಕೊಡಬೇಕೆಂದಾಗ, ಸತ್ತರೂ ಸರಿ ಅದು ಬೇಡ ಎಂದುಬಿಟ್ಟರು. ಆ ತೀರ್ಮಾನ ಅವರದೇ ಆಗಿತ್ತು.

1913ರಲ್ಲಿ ಸತ್ಯಾಗ್ರಹಕ್ಕಿಳಿದು ಮೂರು ತಿಂಗಳ ಕಠಿಣ ಸಜೆ ಅನುಭವಿಸಿದರು. 1915ರಲ್ಲಿ ಭಾರತಕ್ಕೆ ಮರಳಿದ ಮೇಲೂ ಹಲವು ಬಾರಿ ಜೈಲು ಕಂಡರು.

ಅರಮನೆಯೇ ಸೆರೆಮನೆ

1942ರ ಆಗಸ್ಟ್ 9ರಂದು ಗಾಂಧೀಜಿ ಬಂಧನವಾಯಿತು. ಅಂದು ಸಂಜೆ ಮುಂಬೈನ ಶಿವಾಜಿ ಪಾರ್ಕ್‌ನಲ್ಲಿ ಅವರ ಬದಲು ತಾನೇ ಮಾತನಾಡುವುದಾಗಿ ಕಸ್ತೂರಬಾ ಹೊರಟರು. ಅವರನ್ನೂ ವೈದ್ಯೆ ಸುಶೀಲಾ ನಯ್ಯರ್ ಅವರನ್ನೂ ಪೊಲೀಸರು ಬಂಧಿಸಿದರು. ಎರಡೇ ದಿನಗಳಲ್ಲಿ ಇಬ್ಬರನ್ನೂ ಪುಣೆಯ ಅರಮನೆಗೆ ತರಲಾಯಿತು. ಆಗಸ್ಟ್ 15ರಂದು ಗಾಂಧೀಜಿಯ ಕಾರ್ಯದರ್ಶಿ ಮಹಾದೇವ ದೇಸಾಯಿ ಅಲ್ಲೇ ಹೃದಯಾಘಾತದಿಂದ ತೀರಿಕೊಂಡರು. ಮಗನಂತಿದ್ದ ದೇಸಾಯಿ ಅವರ ಸಾವು ಬಾ ಅವರನ್ನು ಕುಗ್ಗಿಸಿತು.

ಮೊದಲೇ ಶ್ವಾಸನಾಳದ ತೊಂದರೆಯಿದ್ದ ಅವರಿಗೆ ಹೃದಯಾಘಾತಗಳೂ ಆದವು. 1944ರ ಜನವರಿ ಹೊತ್ತಿಗೆ ಹಾಸಿಗೆ ಹಿಡಿದರು. ಅವರು ಕೇಳಿದ್ದ ಆಯುರ್ವೇದ ಚಿಕಿತ್ಸೆಗೆ ಸರ್ಕಾರ ತಡವಾಗಿ ಒಪ್ಪಿತು. ರಾತ್ರಿ ಅರಮನೆಯಲ್ಲಿ ತಂಗಲು ಮೊದಲು ಅನುಮತಿ ಸಿಗದ ಕಾರಣ ವೈದ್ಯ ಶಿವ ಶರ್ಮಾ ಗೇಟಿನ ಹೊರಗೆ ಕಾರಿನಲ್ಲೇ ಮಲಗಿದರು. ತುಸು ಚೇತರಿಕೆ ಕಂಡರೂ ಅದು ಉಳಿಯಲಿಲ್ಲ. ಕೊನೆಗೆ ನ್ಯುಮೋನಿಯಾ ಸೇರಿಕೊಂಡಿತು.

ಸೂಜಿಯೇ ಏಕೆ ಬೇಕಿತ್ತು?

ಪೆನಿಸಿಲಿನ್ ಬಳಸಲೇಬೇಕೆಂದು ಕಿರಿಯ ಮಗ ದೇವದಾಸ್ ಪಟ್ಟು ಹಿಡಿದರು. ಕೆಲವೇ ಗಂಟೆಗಳಿಗೊಮ್ಮೆ ಅದನ್ನು ಸೂಜಿಯಿಂದ ಚುಚ್ಚಬೇಕು ಎಂಬುದು ತಿಳಿದಾಗ ಗಾಂಧೀಜಿ ಒಪ್ಪಲಿಲ್ಲ. ಸಾಯುವ ಹೊತ್ತಿನಲ್ಲಿ ಆ ದೇಹಕ್ಕೆ ಮತ್ತಷ್ಟು ನೋವು ಬೇಡ, ಎಂಥ ಔಷಧವೂ ಇನ್ನು ಅವರನ್ನು ಉಳಿಸಲಾರದು ಎಂಬುದು ಅವರ ನಿಲುವಾಗಿತ್ತು.

ಗುಳಿಗೆಯಾಗಿ ಏಕೆ ಕೊಡಲಾಗುತ್ತಿರಲಿಲ್ಲ? ಬ್ಯಾಕ್ಟೀರಿಯಾಗಳ ಸುತ್ತ ಗಟ್ಟಿಯಾದ ಕೋಶಭಿತ್ತಿ ಇರುತ್ತದೆ. ಅದರ ಎಳೆಗಳನ್ನು ಒಂದಕ್ಕೊಂದು ಬೆಸೆಯುವುದು ಒಂದು ಕಿಣ್ವದ ಕೆಲಸ. ಪೆನಿಸಿಲಿನ್‌ನಲ್ಲಿ ನಾಲ್ಕು ಪರಮಾಣುಗಳ ಬಿಗಿಯಾದ ಉಂಗುರವೊಂದಿದೆ. ಕಿಣ್ವ ಅದನ್ನು ತನ್ನ ಕಚ್ಚಾವಸ್ತು ಎಂದೇ ಭ್ರಮಿಸಿ ಹಿಡಿದುಕೊಳ್ಳುತ್ತದೆ. ಉಂಗುರ ತೆರೆದು ಕಿಣ್ವಕ್ಕೆ ಅಂಟಿಕೊಳ್ಳುತ್ತದೆ, ಬೆಸುಗೆ ನಿಲ್ಲುತ್ತದೆ. ಬೆಳೆಯುತ್ತಿರುವ ಬ್ಯಾಕ್ಟೀರಿಯಾ ಒಳಗಿನ ಒತ್ತಡ ತಾಳದೆ ಒಡೆಯುತ್ತದೆ. ಮನುಷ್ಯರ ಜೀವಕೋಶಗಳಿಗೆ ಇಂಥ ಭಿತ್ತಿಯೇ ಇಲ್ಲದ್ದರಿಂದ ನಮಗೆ ಹಾನಿ ಕಡಿಮೆ.

ಆದರೆ ಪೆನಿಸಿಲಿನ್‌ಗೆ ಬಲ ಕೊಡುವ ಆ ಉಂಗುರವೇ ಅದರ ದೌರ್ಬಲ್ಯ ಕೂಡ. ಜಠರದ ಆಮ್ಲದಲ್ಲಿ ಅದು ಬೇಗ ಒಡೆಯುತ್ತದೆ. ಹಾಗಾಗಿ ಆಗಿನ ಪೆನಿಸಿಲಿನ್ ಅನ್ನು ನುಂಗಿದರೆ ಬಹುಪಾಲು ವ್ಯರ್ಥವಾಗುತ್ತಿತ್ತು. ಒಣ ಪುಡಿಯಾಗಿ ಅದು ಬಾಳಿಕೆ ಬಂದರೂ ನೀರಿನಲ್ಲಿ ಕರಗಿಸಿದ ಮೇಲೆ ತಂಪಿನಲ್ಲಿಡದಿದ್ದರೆ ಬೇಗ ಸತ್ವ ಕಳೆದುಕೊಳ್ಳುತ್ತಿತ್ತು. ರಕ್ತ ಸೇರಿದರೂ ಮೂತ್ರಪಿಂಡಗಳು ಅದನ್ನು ಬೇಗನೆ ಹೊರಹಾಕುತ್ತಿದ್ದವು. 1941ರಲ್ಲಿ ಆಕ್ಸ್‌ಫರ್ಡ್‌ನ ವೈದ್ಯರು ರೋಗಿಯ ಮೂತ್ರದಿಂದಲೇ ಪೆನಿಸಿಲಿನ್ ಸೋಸಿ ಮತ್ತೆ ಬಳಸಿದ್ದರು. ಆದ್ದರಿಂದಲೇ ಹಗಲೂ ರಾತ್ರಿ ಮತ್ತೆ ಮತ್ತೆ ಸೂಜಿ ಚುಚ್ಚಬೇಕಿತ್ತು.

ಕೊಟ್ಟಿದ್ದರೆ ಬದುಕುತ್ತಿದ್ದರೆಂದು ಖಚಿತವಾಗಿ ಹೇಳಲಾಗದು. ಪೆನಿಸಿಲಿನ್ ನ್ಯುಮೋನಿಯಾದ ಬ್ಯಾಕ್ಟೀರಿಯಾವನ್ನು ಕೊಲ್ಲಬಹುದಿತ್ತು. ಆದರೆ ಸೋತ ಹೃದಯದ ಮೇಲೆ ಅದರ ಪ್ರಭಾವವಿಲ್ಲ. ಹಾಗೆಂದು ತಾಯಿಗೆ ಒಂದು ಅವಕಾಶ ಸಿಗಲಿ ಎಂದ ಮಗನ ಆಸೆಯನ್ನೂ ತಪ್ಪೆನ್ನಲಾಗದು.

ಶಿವರಾತ್ರಿಯ ಸಂಜೆ

ಫೆಬ್ರುವರಿ 22, ಮಹಾಶಿವರಾತ್ರಿ. ಸಂಜೆ ಏಳೂವರೆ ದಾಟಿದಾಗ ಗಾಂಧೀಜಿಯ ತೊಡೆಯ ಮೇಲೆ ತಲೆಯಿಟ್ಟು ಕಸ್ತೂರಬಾ ಕೊನೆಯುಸಿರೆಳೆದರು. ಆಗ ಅವರಿಗೆ 74 ವರ್ಷ. ಗಾಂಧೀಜಿ ನೂತ ನೂಲಿನ ಸೀರೆ ಉಡಿಸಿ, ಮರುದಿನ ಅರಮನೆಯ ಆವರಣದಲ್ಲೇ ಅಂತ್ಯಸಂಸ್ಕಾರ ಮಾಡಲಾಯಿತು. ಮಹಾದೇವ ದೇಸಾಯಿ ಅವರ ಸಮಾಧಿಯ ಪಕ್ಕದಲ್ಲೇ ಬಾ ಸಮಾಧಿಯಿದೆ.

ಹತ್ತು ವರ್ಷಗಳ ಬಳಿಕ, 1954ರಲ್ಲಿ, ಅದೇ ಪುಣೆಯ ಪಕ್ಕದ ಪಿಂಪ್ರಿಯಲ್ಲಿ ಸರ್ಕಾರಿ ಸ್ವಾಮ್ಯದ ಹಿಂದೂಸ್ತಾನ್ ಆ್ಯಂಟಿಬಯಾಟಿಕ್ಸ್ ಕಂಪನಿ ಶುರುವಾಯಿತು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ನೆರವಿನೊಂದಿಗೆ ಅಲ್ಲಿ ಪೆನಿಸಿಲಿನ್ ತಯಾರಾಗತೊಡಗಿತು. ಆಮ್ಲವನ್ನು ತಡೆದುಕೊಳ್ಳುವ, ನುಂಗಬಹುದಾದ ಪೆನಿಸಿಲಿನ್ ಕೂಡ 1950ರ ದಶಕದಲ್ಲಿ ಬಳಕೆಗೆ ಬಂತು.

ಕರ್ನಾಟಕದಲ್ಲಿ ಬಾ ಹೆಸರು ಉಳಿದದ್ದೂ ವೈದ್ಯಕೀಯದ ಜೊತೆಗೇ. 1953ರಲ್ಲಿ ಡಾ. ಟಿ.ಎಂ.ಎ. ಪೈ ಮಣಿಪಾಲದಲ್ಲಿ ಕಟ್ಟಿದ ವೈದ್ಯಕೀಯ ಕಾಲೇಜಿಗೆ ಕಸ್ತೂರಬಾ ಅವರ ಹೆಸರಿಡಲಾಯಿತು. ಪೆನಿಸಿಲಿನ್ ಹೇಗೆ ಕೆಲಸ ಮಾಡುತ್ತದೆ ಎಂಬುದು ಈಗ ಅಲ್ಲಿನ ವಿದ್ಯಾರ್ಥಿಗಳ ಪಾಠದ ಭಾಗ.