ಬಯಸಿದ್ದು ಭೌತಶಾಸ್ತ್ರ, ಓದಿದ್ದು ವೈದ್ಯಕೀಯ

ಕಳೆದ ಬೇಸಿಗೆಯಲ್ಲಿ ಒಂದು ದಿನ ಹತ್ತಿಕುಣಿಯ ನಮ್ಮ ಮುತ್ಯಾ ಬೆಳಿಗ್ಗೆ ಎದ್ದಾಗ ಬಲಗಣ್ಣು ಮಂಜಾಗಿತ್ತು. ನೋವಿಲ್ಲ, ಕೆಂಪಿಲ್ಲ. ಪೊರೆ ಬಂದಿರಬೇಕೆಂದು ಹದಿನೈದು ದಿನ ಎಲ್ಲರೂ ಸುಮ್ಮನಿದ್ದೆವು. ಕೊನೆಗೆ ಯಾದಗಿರಿಗೆ ಕರೆದುಕೊಂಡು ಹೋದೆವು. ಡಾಕ್ಟರು ಕಣ್ಣಿಗೆ ಹನಿ ಹಾಕಿ, ಪಾಪೆ ಅಗಲವಾದ ಮೇಲೆ ಬೆಳಕು ಬಿಟ್ಟು ಒಳಗೆ ನೋಡಿದರು. ಅದು ಪೊರೆ ಅಲ್ಲ. ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾದಲ್ಲಿ ಒಂದು ರಕ್ತನಾಳ ಕಟ್ಟಿಕೊಂಡು ರಕ್ತ ಸೋರಿತ್ತು. ಮುತ್ಯಾ ಬಿ.ಪಿ. ಗುಳಿಗೆ ಬಿಟ್ಟು ತಿಂಗಳುಗಳೇ ಆಗಿದ್ದವು ಎಂಬುದು ಆಗ ಗೊತ್ತಾಯಿತು.

ಕೊಯ್ಯದೆ ಕಣ್ಣಿನ ಒಳಗಿನ ರಕ್ತನಾಳ ನೋಡುವುದನ್ನು ಜಗತ್ತಿಗೆ ಕಲಿಸಿದವರು ಯಾರೆಂದು ಹುಡುಕಿದೆ. ಆ ಹೆಸರು ನಾವು ಎಂಜಿನಿಯರಿಂಗ್‌ನಲ್ಲಿ ಓದುವ ಹೆಲ್ಮ್‌ಹೋಲ್ಟ್ಸ್ ಕಾಯಿಲ್‌ನದೇ ಆಗಿತ್ತು!

ಹರ್ಮನ್ ಹೆಲ್ಮ್‌ಹೋಲ್ಟ್ಸ್ 1821ರಲ್ಲಿ ಜರ್ಮನಿಯ ಪಾಟ್ಸ್‌ಡ್ಯಾಮ್‌ನಲ್ಲಿ ಹುಟ್ಟಿದರು. ತಂದೆ ಶಾಲಾ ಮೇಷ್ಟ್ರು. ಮಗನಿಗೆ ಭೌತಶಾಸ್ತ್ರದ ಹುಚ್ಚು. ಆದರೆ ಅದನ್ನು ಓದಿಸುವಷ್ಟು ದುಡ್ಡು ಮನೆಯಲ್ಲಿರಲಿಲ್ಲ. ಬರ್ಲಿನ್‌ನಲ್ಲಿ ಸರ್ಕಾರದ ಖರ್ಚಿನಲ್ಲಿ ವೈದ್ಯಕೀಯ ಓದಬಹುದಿತ್ತು. ಓದಿದ ಮೇಲೆ ಎಂಟು ವರ್ಷ ಸೈನ್ಯದಲ್ಲಿ ವೈದ್ಯನಾಗಿ ದುಡಿಯಬೇಕೆಂಬ ಷರತ್ತಿತ್ತು. 1838ರಲ್ಲಿ ಅವರು ಒಪ್ಪಿಕೊಂಡು ಸೇರಿದರು.

ಸೈನ್ಯದಲ್ಲಿದ್ದರೂ ಭೌತಶಾಸ್ತ್ರ ಬಿಡಲಿಲ್ಲ. ಶಕ್ತಿಯ ಸಂರಕ್ಷಣೆ ಕುರಿತು 1847ರಲ್ಲಿ ಬರೆದ ಪ್ರಬಂಧವನ್ನು ಹೆಸರಾಂತ ಪತ್ರಿಕೆಯೊಂದು ತಿರಸ್ಕರಿಸಿತು. ಅವರು ಅದನ್ನು ಕಿರುಪುಸ್ತಕವಾಗಿ ಹೊರತಂದರು. ಪ್ರತಿಭೆ ಗುರುತಿಸಿದ ಹಿರಿಯರ ಶಿಫಾರಸಿನಿಂದ ಸೈನ್ಯದ ಸೇವೆ ಅವಧಿಗೆ ಮೊದಲೇ ಮುಗಿಯಿತು. 1849ರಲ್ಲಿ ಕೋನಿಗ್ಸ್‌ಬರ್ಗ್‌ನಲ್ಲಿ ಶರೀರಶಾಸ್ತ್ರದ ಪ್ರಾಧ್ಯಾಪಕರಾದರು.

ಮರುವರ್ಷ ವಿದ್ಯಾರ್ಥಿಗಳಿಗೆ ಕಣ್ಣಿನ ಪಾಠ ಹೇಳಲು ತಯಾರಿ ನಡೆಸಿದ್ದಾಗ ಒಂದು ವಿಷಯ ಹೊಳೆಯಿತು. ಕಣ್ಣಿನೊಳಗೆ ಹೋದ ಬೆಳಕು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಅದನ್ನು ನೋಡಲು ನಾವು ತಲೆ ಅಡ್ಡ ಇಟ್ಟರೆ ಒಳಗೆ ಹೋಗುವ ಬೆಳಕೇ ನಿಲ್ಲುತ್ತದೆ. ಅದಕ್ಕೇ ಪಾಪೆ ಕಪ್ಪಾಗಿ ಕಾಣುವುದು. ಅವರು ತೆಳು ಗಾಜನ್ನು ಓರೆಯಾಗಿಟ್ಟರು. ದೀಪದ ಬೆಳಕು ಗಾಜಿಗೆ ಬಡಿದು ಕಣ್ಣಿನೊಳಗೆ ಹೋಯಿತು. ಹಿಂದಿರುಗಿದ ಬೆಳಕನ್ನು ಅದೇ ಗಾಜಿನ ಮೂಲಕ ಅವರು ನೋಡಿದರು. ರಟ್ಟು, ಅಂಟು, ಕನ್ನಡಕದ ಮಸೂರ, ಸೂಕ್ಷ್ಮದರ್ಶಕದ ಗಾಜು ಇಷ್ಟೇ ಸಾಮಗ್ರಿ. ಜೀವಂತ ಮನುಷ್ಯನ ರೆಟಿನಾ, ಅದರ ರಕ್ತನಾಳಗಳು ಸ್ಪಷ್ಟವಾಗಿ ಕಂಡವು. 1851ರಲ್ಲಿ ಈ ನೇತ್ರದರ್ಶಕದ ವಿವರ ಪ್ರಕಟಿಸಿದರು.

ಅಲ್ಲಿಯವರೆಗೆ ಕಣ್ಣು ಹೋದ ಕಾರಣ ಎಷ್ಟೋ ಸಲ ತಿಳಿಯುತ್ತಲೇ ಇರಲಿಲ್ಲ. ಗಟ್ಟಿಯಾದ ಅಪಧಮನಿ ತನ್ನನ್ನು ದಾಟುವ ಅಭಿಧಮನಿಯನ್ನು ಒತ್ತುವುದು, ನಾಳ ಊದಿ ರಕ್ತ ಸೋರುವುದು, ಎಲ್ಲವನ್ನೂ ಇನ್ನು ಕಣ್ಣಾರೆ ನೋಡಿ ಹೇಳಬಹುದಾಯಿತು. 1871ರಲ್ಲಿ ಅವರು ಬರ್ಲಿನ್‌ನಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾದರು. ಬಯಸಿದ ವಿಷಯಕ್ಕೆ ಬರುವಾಗ ವಯಸ್ಸು ಸುಮಾರು ಐವತ್ತು. 1894ರಲ್ಲಿ ತೀರಿಕೊಂಡರು.

ಕೌನ್ಸೆಲಿಂಗ್‌ನಲ್ಲಿ ಕೇಳಿದ ಬ್ರಾಂಚ್ ಸಿಗದೆ ಮೊದಲ ವರ್ಷವೆಲ್ಲ ಮುಖ ಊದಿಸಿಕೊಂಡಿದ್ದವನು ನಾನು. ಹೆಲ್ಮ್‌ಹೋಲ್ಟ್ಸ್‌ಗೆ ಮನಸ್ಸಿಲ್ಲದೆ ಓದಿದ ವೈದ್ಯಕೀಯ ಕಣ್ಣನ್ನು ಪರಿಚಯಿಸಿತು, ಮನಸಾರೆ ಓದಿದ ಭೌತಶಾಸ್ತ್ರ ಬೆಳಕನ್ನು. ಎರಡರಲ್ಲಿ ಒಂದೇ ಗೊತ್ತಿದ್ದರೆ ಆ ರಟ್ಟಿನ ಸಾಧನ ಹುಟ್ಟುತ್ತಿತ್ತೇ?

ಮುತ್ಯಾನ ಕಣ್ಣಿಗೆ ಈಗ ಇಂಜೆಕ್ಷನ್ ನಡೆದಿದೆ. ದೃಷ್ಟಿ ಪೂರ್ತಿ ಮರಳಿಲ್ಲ, ಆದರೆ ನನ್ನ ಮುಖದ ಗುರುತು ಸಿಗುತ್ತದೆ. ಗೆಳೆಯರೇ, ನಿಮ್ಮ ಮನೆಯಲ್ಲೂ ಹಿರಿಯರ ಕಣ್ಣು ಹಠಾತ್ತನೆ ಮಂಜಾದರೆ ನಮ್ಮಂತೆ ಹದಿನೈದು ದಿನ ಕಾಯಬೇಡಿ. ಅವತ್ತೇ ತೋರಿಸಿ.